ರಜಿಯಾ ಖಾಲಾನ ಮಾಳಿಗೆ

ನಾನು ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ಜನ ಮೊದಲು ಕೇಳುವುದು ‘ಯಾವಾಗ ಮುಗಿತದ?’ ಎಂದು. ಆಮೇಲಿನ ಪ್ರಶ್ನೆ ‘ರೊಕ್ಕ ಯಾರು ಕೊಡತಾರ?’ ಮೊದಲನೆಯದಕ್ಕೆ ನನ್ನ ಗೈಡ್ ಹತ್ತಿರವೂ ಉತ್ತರವಿಲ್ಲ. ಎರಡನೆಯದಕ್ಕೆ ‘ಫೆಲೋಶಿಪ್’ ಎಂದು ಗತ್ತಿನಿಂದ ಹೇಳುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಅದು ಅರ್ಧ ಮಾತ್ರ ನಿಜ. ಇನ್ನರ್ಧ ಶಹಾಬಾದಿನ ನಮ್ಮ ಓಣಿಯ ಹೆಂಗಸರ ಬೀಸಿ.

ಬೀಸಿ ಎಂದರೆ ತಿಂಗಳಿಗೊಮ್ಮೆ ಎಲ್ಲರೂ ಸಮನಾಗಿ ಹಣ ಹಾಕಿ, ಚೀಟಿ ಎತ್ತಿ, ಬಂದವರ ಕೈಗೆ ಅಷ್ಟನ್ನೂ ಕೊಡುವ ಏರ್ಪಾಡು. ನಮ್ಮ ಅವ್ವ ಅದರ ಮುಖ್ಯಸ್ಥೆ. ಯಾರಿಗಾದರೂ ತುರ್ತಿದ್ದರೆ ಚೀಟಿ ಬಂದವರೊಡನೆ ಪಾಳಿ ಬದಲಾಯಿಸಿಕೊಳ್ಳಬಹುದು. ಆದರೆ ಅದನ್ನು ಎಲ್ಲರೆದುರು ಅವರೇ ಬಾಯಿಬಿಟ್ಟು ಕೇಳಬೇಕು. ಬಹಳ ಜನರ ತುರ್ತು ಈ ಒಂದು ನಿಯಮ ಕೇಳಿಯೇ ಕಡಿಮೆಯಾಗುತ್ತದೆ.

ನನ್ನ ವಿಷಯ ಭೌಗೋಳಿಕ ದತ್ತಾಂಶ ವಿಜ್ಞಾನ. ಉಪಗ್ರಹ ತೆಗೆದ ಚಿತ್ರ ನೋಡಿ ಎಲ್ಲಿ ಮನೆ, ಎಲ್ಲಿ ಹೊಲ, ಎಲ್ಲಿ ಕಲ್ಲಿನ ಖಣಿ ಎಂದು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು. ಚಿತ್ತಾಪುರದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದ ಅಪ್ಪ ಇದನ್ನೆಲ್ಲ ಸಾವಧಾನವಾಗಿ ಕೇಳಿ, “ಅದಕ್ಕ ಆಕಾಶಕ್ಕ ಯಾಕ ಹೋಗಬೇಕವ್ವ? ಸೇಡಂ ಬಸ್ಸಿನಾಗ ಕಿಡಕಿ ಹತ್ತಿರ ಕುಂತರ ಎಲ್ಲಾ ಕಾಣಸ್ತದ” ಎಂದರು. ಸಂಶೋಧನೆಯ ಅಗತ್ಯವನ್ನು ಮನೆಯವರಿಗೆ ಮನವರಿಕೆ ಮಾಡುವುದು ಸಮಿತಿಗೆ ಮಾಡುವುದಕ್ಕಿಂತ ಕಷ್ಟ.

ಎರಡನೆಯ ವರ್ಷ ಫೆಲೋಶಿಪ್ ನಿಂತಿತು. ಮಂಜೂರಾಗಿದೆ, ಬರುತ್ತದೆ ಎನ್ನುತ್ತಿದ್ದರು. ರೈಲು ವಾಡಿ ಜಂಕ್ಷನ್ನಿನ ಹೊರಗೆ ನಿಂತಾಗಲೂ ಹಾಗೆಯೇ ಹೇಳುತ್ತಾರೆ. ಇತ್ತ ಫೀ ಕಟ್ಟುವ ಕೊನೆಯ ದಿನ ಬಂತು. ಕಟ್ಟದಿದ್ದರೆ ನೋಂದಣಿ ರದ್ದು, ಎರಡು ವರ್ಷದ ಕೆಲಸ ನೀರುಪಾಲು. ಆ ತಿಂಗಳ ಚೀಟಿ ಎದುರುಮನೆಯ ರಜಿಯಾ ಖಾಲಾಗೆ ಬಂದಿತ್ತು. ಇಡೀ ಓಣಿಗೆ ಖಾಲಾ, ಅಂದರೆ ಚಿಕ್ಕಮ್ಮ; ಬಳೆ ಅಂಗಡಿ ಇಟ್ಟು ಒಬ್ಬಳೇ ಬದುಕುವವಳು. ಅವಳ ಮನೆಯ ಸೂರಿಗೆ ಹಾಸಿದ ಮಾಳಿಗೆಯ ಕಲ್ಲುಗಳು ಬಿರುಕು ಬಿಟ್ಟಿದ್ದವು. ಮಳೆಗಾಲಕ್ಕೆ ಮೊದಲು ರಿಪೇರಿ ಮಾಡಿಸಲೆಂದೇ ಈ ಚೀಟಿಗೆ ಕಾದಿದ್ದಳು.

ಅವ್ವನ ಪಾಳಿ ಕೊಟ್ಟು ಅವಳದನ್ನು ಕೇಳಬೇಕೆಂದು ಬೀಸಿ ಕೂಡಿದಲ್ಲಿಗೆ ಹೋದವಳು ಕೇಳಲಾರದೆ ಚುರುಮುರಿ ತಿನ್ನುತ್ತ ಕುಳಿತೆ. ಖಾಲಾ ನನ್ನನ್ನೇ ನೋಡುತ್ತಿದ್ದಳು. “ಈ ಪೋರಿ ಚುರುಮುರಿನೂ ನುಂಗವಲ್ದು, ಮಾತೂ ಆಡವಲ್ದು. ರೊಕ್ಕ ಆಕಿ ಕೈಯಾಗ ಕೊಡ್ರಿ. ಫಿಕರ್ ಮಾಡಬ್ಯಾಡ ಬೇಟಿ, ನನ್ನ ಮಾಳಗಿ ಎಲ್ಲಿಗೂ ಓಡಿ ಹೋಗಂಗಿಲ್ಲ.” ನನಗೆ ಅಳು ಬಂತು. ಅಲ್ಲಿಯೇ ಅತ್ತೆ.

ವಿಶ್ವವಿದ್ಯಾಲಯಕ್ಕೆ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಟ್ಟರೆ ಸಾಕು. ಬೀಸಿಯವರಿಗೆ ತಿಂಗಳು ತಿಂಗಳೂ ಬೇಕು, ಅದೂ ಚಹಾದ ಜೊತೆ. “ನಮ್ಮ ಮನಿ ತೋರಸು” ಎಂದು ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಕುಳಿತರು. ಚಂದ್ರಂಪಳ್ಳಿಯ ಕೆರೆ ನೀಲಿಯಾಗಿ ಬಂತು, ಚಿಂಚೋಳಿಯ ಕಾಡು ಹಸಿರಾಗಿ ಬಂತು, ಕೋಡ್ಲಾದ ಸಿಮೆಂಟ್ ಕಾರ್ಖಾನೆ ಗಾಂಭೀರ್ಯದಿಂದ ಬಂತು. ನಮ್ಮ ಓಣಿ ಮಾತ್ರ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಖಣಿಯ ಬೂದು ಬಣ್ಣ.

ತಪ್ಪು ಕಂಪ್ಯೂಟರಿನದಲ್ಲ. ನಾನು ಅದಕ್ಕೆ ಮನೆ ಎಂದು ಕಲಿಸಿದ್ದು ದೊಡ್ಡ ಊರುಗಳ ಕಾಂಕ್ರೀಟ್ ಮನೆಗಳನ್ನು. ನಮ್ಮಲ್ಲಿ ನೆಲಕ್ಕೂ ಗೋಡೆಗೂ ಮಾಳಿಗೆಗೂ ಅದೇ ಖಣಿಯ ಅದೇ ಕಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಕಲ್ಲು ಸಮುದ್ರದ ತಳವಾಗಿತ್ತಂತೆ. ಅದನ್ನೇ ಎಬ್ಬಿಸಿ ತಲೆಯ ಮೇಲೆ ಹೊದ್ದುಕೊಂಡ ಜನ ನಾವು. ಮೇಲಿನಿಂದ ನೋಡುವವರಿಗೆ ಕಡಿದ ಕಲ್ಲಿಗೂ ಕಟ್ಟಿದ ಕಲ್ಲಿಗೂ ವ್ಯತ್ಯಾಸ ಕಾಣುವುದಿಲ್ಲ. ಇದನ್ನೆಲ್ಲ ವಿವರಿಸಿ, ಇವರ ಹಣದಲ್ಲಿ ಇವರನ್ನೇ ಅಳಿಸಿಹಾಕಿದ ನಾಚಿಕೆಯಲ್ಲಿ ತಲೆ ತಗ್ಗಿಸಿದೆ.

ಖಾಲಾ ಪರದೆಗೆ ಮೂಗು ತಾಗಿಸಿ ನೋಡಿದಳು. “ನನ್ನ ಮನಿ ಖಣಿ ಅಂತ ಹೇಳಲಿಕತ್ತದಲ್ಲ, ಖರೇನ ಅದ. ಮಳಿ ಬಂತಂದ್ರ ಒಳಗ ನೀರ್ ನಿಂದರತಾವ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಮಳೆಗಾಲ ಅವಳ ಮನೆಯಲ್ಲಿ ಬೋಗುಣಿ, ಕೊಡ, ಬಕೆಟ್ ಎಲ್ಲವೂ ಸೋರಿಕೆಗೆ ಬಾಯ್ದೆರೆದು ಕುಳಿತಿದ್ದವು. ಬಳೆಯ ಡಬ್ಬಿಗಳನ್ನು ನಮ್ಮ ಪಡಸಾಲೆಗೆ ತಂದಿಟ್ಟುಕೊಂಡೆವು. ಮಳೆ ನಿಂತಾಗಲೆಲ್ಲ ನಾನು ಕುರಕುಂಟಾದಿಂದ ಚಿಂಚೋಳಿಯವರೆಗೆ ಅಲೆದು ಕಲ್ಲಿನ ಮನೆಗಳನ್ನು ಒಂದೊಂದಾಗಿ ಗುರುತು ಮಾಡಿಕೊಂಡು ಬಂದೆ. ಕಂಪ್ಯೂಟರ್ ಜಾಣ ವಿದ್ಯಾರ್ಥಿಯಲ್ಲ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತದೆ.

ಮಳೆ ಮುಗಿದ ಮೇಲೆ, ಇನ್ನೇನು ಅವಸರವಿಲ್ಲ ಎನ್ನುವಾಗ, ಫೆಲೋಶಿಪ್ ಇಡಿಗಂಟಾಗಿ ಬಂತು. ಬೀಸಿ ಕೂಡುವ ದಿನದವರೆಗೂ ಕಾಯದೆ ಹೋಗಿ ಖಾಲಾನ ಚೀಟಿಯ ಹಣವನ್ನು ಅವಳ ಕೈಗಿಟ್ಟೆ. ದೊಡ್ಡ ಕಲ್ಲು ಎತ್ತಿ ಕೂಡಿಸುವ ಕೈಗಳು ಈಗ ಸಿಗುವುದಿಲ್ಲವೆಂದು ಮನೆ ಕಟ್ಟುವ ಗೌಂಡಿ ತಗಡು ಹಾಕಿ ಮುಗಿಸಿದ. ಸೋರಿಕೆ ನಿಂತಿತು. ಮುಂದೆ ಹೊಸ ಚಿತ್ರ ಬಂದಾಗ, ನಮ್ಮ ಓಣಿಯಲ್ಲಿ ಕಂಪ್ಯೂಟರ್ ಎಳ್ಳಷ್ಟೂ ತಡವರಿಸದೆ ಗುರುತಿಸಿದ ಮನೆ ಆ ತಗಡಿನದೊಂದೇ; ಕಲ್ಲಿನವುಗಳ ಮುಂದೆ ಇನ್ನೂ ಅನುಮಾನಿಸುತ್ತಿತ್ತು. ಓಡಿಹೋಗಿ ತೋರಿಸಿದೆ. ಖಾಲಾ ಹಿಗ್ಗಿ ಇಡೀ ಓಣಿಯನ್ನು ಕರೆದು ಚಹಾ ಕೊಟ್ಟಳು.

ಈಗ ಬಿರುಬೇಸಿಗೆ. ಮೊನ್ನೆ ಮಧ್ಯಾಹ್ನ ನಾನು ಕಲ್ಲು ಮಾಳಿಗೆಯ ನಮ್ಮ ತಣ್ಣನೆಯ ಪಡಸಾಲೆಯಲ್ಲಿ ಕೊನೆಯ ಅಧ್ಯಾಯ ಬರೆಯುತ್ತ ಕುಳಿತಿದ್ದಾಗ ಖಾಲಾ ಚಾಪೆ, ದಿಂಬು ಹಿಡಿದುಕೊಂಡು ಬಂದಳು. ಮುಖವೆಲ್ಲ ಕೆಂಪಾಗಿತ್ತು.

“ನಿನ್ನ ಕಂಪ್ಯೂಟರಿಗೆ ಕಾಣಸೋ ಮನ್ಯಾಗ ಭಾಳ ಝಳ ಬೇಟಿ, ಕುಂದರಲಿಕ್ಕಾಗವಲ್ದು. ಈ ಖಣ್ಯಾಗ ಸ್ವಲ್ಪ ಅಡ್ಡಾಗತೀನಿ, ಸರಿ ಅತ್ಲಾಗ” ಎಂದು ಮಲಗಿಯೇಬಿಟ್ಟಳು.

ನನ್ನ ಪ್ರಬಂಧದಲ್ಲಿ ಅವಳ ಮನೆ ಸರಿಯುತ್ತರಗಳ ಸಾಲಿನಲ್ಲಿದೆ. ನಾನು ಅತ್ತ ಸರಿದು ಕುಳಿತು, ಫ್ಯಾನು ಅವಳ ಕಡೆ ತಿರುಗಿಸಿದೆ.