ದಸ್ತಗೀರ ಹಚ್ಚದ ರೆಕಾರ್ಡು

ಆ ರೆಕಾರ್ಡು ಹಚ್ಚಿದವನು ನಿನ್ನ ಅಪ್ಪನಲ್ಲ, ರಾಬಿಯಾ. ನಾನು.

ಇಷ್ಟು ಬರೆಯಲು ನನಗೆ ಹದಿಮೂರು ವರ್ಷ ಬೇಕಾದವು. ಬರೆದು ನೋಡಿದರೆ ಒಂದೇ ಸಾಲು — ಇಷ್ಟು ಸಣ್ಣದನ್ನು ಹೇಳಲಾಗದೆ ಒಬ್ಬ ಮನುಷ್ಯನನ್ನು ಕಳೆದೆನಲ್ಲ. ನೀನು ಆಗ ಏಳೆಂಟು ವರ್ಷದವಳು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಚೊಳಚಗುಡ್ಡದ ಪಂಚಾಯ್ತಿ ರೇಡಿಯೋ ಆಗ ನನ್ನ ಸುಪರ್ದಿಯಲ್ಲಿತ್ತು. ಸಂಬಳವಿಲ್ಲದ ಕೆಲಸ. ಸಂಜೆ ಬೀಗ ತೆಗೆದು, ಮಾಳಿಗೆಯ ಮೇಲಿನ ಹಾರ್ನಿನಿಂದ ಊರಿಗೆಲ್ಲ ಸುದ್ದಿ, ಪೇಟೆ ಧಾರಣೆ, ರೈತರ ಕಾರ್ಯಕ್ರಮ ಕೇಳಿಸಿ ಮತ್ತೆ ಬೀಗ ಹಾಕುವುದು. ನಿನ್ನ ಅಪ್ಪ ದಸ್ತಗೀರ ಬಾದಾಮಿಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮದುವೆಗಳಿಲ್ಲದ ದಿನ ಬಂದು ನನ್ನ ಪಕ್ಕ ಕೂಡುತ್ತಿದ್ದ. ಒಂದು ಸಂಜೆ ಕಾರ್ಯಕ್ರಮ ಮುಗಿದ ಮೇಲೆ ನಾನು ಸುಮ್ಮನೆ ಗುಂಡಿ ತಿರುಗಿಸುವಾಗ ಯಾವುದೋ ದೂರದ ದೇಶದ ಕ್ಲಾರಿನೆಟ್ ಕೇಳಿಸಿತು. ಅವನು ಕುಳಿತಲ್ಲಿಂದ ಎದ್ದು ನಿಂತ. ಅದು ಜಾಝ್ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತುಮಾಡಿಕೊಟ್ಟವಳು ಗುಡಿಗಳ ಚಿತ್ರ ಬರೆಯಲು ಬಂದಿದ್ದ ಒಬ್ಬ ವಿದೇಶಿ ಹೆಣ್ಣುಮಗಳು. ಬನಶಂಕರಿಯ ಹೊಂಡದ ಕಟ್ಟೆಯ ಮೇಲೆ ಕೂತು ದಿನವಿಡೀ ಅಳತೆ ಹಾಕುತ್ತಿದ್ದಳು. ನಿನ್ನ ಅಪ್ಪ ಆ ಕಟ್ಟೆಯ ಮೇಲೇ ರೇಡಿಯೋದಲ್ಲಿ ಕೇಳಿದ್ದನ್ನು ಊದಿ ನೋಡುತ್ತಿದ್ದದ್ದು ಅವಳ ಕಿವಿಗೆ ಬಿತ್ತು. ತನ್ನ ದೇಶಕ್ಕೆ ಹೋಗುವಾಗ ರೆಕಾರ್ಡು ಪ್ಲೇಯರನ್ನು ನಮಗೇ ಬಿಟ್ಟುಹೋದಳು. ಆಮೇಲೆ ಆಗಾಗ ಹೊಸದಾಗಿ ಬಂದ ರೆಕಾರ್ಡುಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದಳು. ನಾನು ಪ್ಲೇಯರನ್ನು ಪಂಚಾಯ್ತಿಯ ಮಷೀನಿಗೇ ಜೋಡಿಸಿದೆ. ರವಿವಾರ ಬೆಳಿಗ್ಗೆ ಹಾರ್ನಿನ ವೈರು ಕಿತ್ತು, ಬಾಗಿಲು ಮುಂದಕ್ಕೆ ಮಾಡಿ, ಒಳಗಿನ ಸಣ್ಣ ಸ್ಪೀಕರ್ ಪೆಟ್ಟಿಗೆಯಲ್ಲಿ ಇಬ್ಬರೇ ಕೇಳುತ್ತಿದ್ದೆವು.

"ನಮ್ಮ ಬ್ಯಾಂಡಿನ ಹಂಗ ಐತಿ ಇದು," ಅನ್ನುತ್ತಿದ್ದ ಅವನು. "ಆದ್ರ ಒಬ್ಬೊಬ್ಬಂವಗೂ ಒಂದಿಷ್ಟ ಜಾಗಾ ಬಿಟ್ಟಾರ ನೋಡು. ನಮ್ಮಲ್ಲಿ ಯಾರ ಬಿಡ್ತಾರ?"

ಒಂದು ಶನಿವಾರದ ಅಂಚೆಗೆ ಹೊಸ ರೆಕಾರ್ಡುಗಳ ಕಟ್ಟು ಬಂದಿತ್ತು. ಮರುದಿನ ರವಿವಾರ ನಸುಕಿನಲ್ಲಿ ಊರಿನ ದೊಡ್ಡ ಗೌಡರು ತೀರಿಕೊಂಡಿದ್ದರು. ಅವರ ಮಗಳು ಹುನಗುಂದದಿಂದ ಬರಬೇಕು, ಮಧ್ಯಾಹ್ನದವರೆಗೆ ಹೆಣ ಎತ್ತುವುದಿಲ್ಲ ಎಂದು ಸುದ್ದಿಯಿತ್ತು. ನಾನು ಕಟ್ಟು ಬಿಚ್ಚುತ್ತಿದ್ದೆ. ನಿನ್ನ ಅಪ್ಪ ನನ್ನ ಕೈ ಹಿಡಿದ.

"ಇವತ್ತ ಬ್ಯಾಡ, ಈರಣ್ಣಾ. ಗೌಡ್ರ ಮನ್ಯಾಗ ಹೆಣಾ ಐತಿ. ರೆಕಾರ್ಡು ಎಲ್ಲಿ ಓಡಿ ಹೋಗ್ತೈತಿ?"

"ಒಳಗಷ್ಟ ಕೇಳೂಣು. ಹಾರ್ನಿನ ವೈರ್ ತಗದೇನಿ," ಅಂದೆ.

ತೆಗೆದಿರಲಿಲ್ಲ. ತೆಗೆದಿದ್ದೇನೋ ಇಲ್ಲವೋ ಎಂದು ತಿರುಗಿ ನೋಡಿರಲೂ ಇಲ್ಲ.

ಬಾಗಿಲು ಮುಚ್ಚಿತ್ತು, ಮಣ್ಣಿನ ಮಾಳಿಗೆ ದಪ್ಪ, ನಾವು ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದೆವು. ಒಳಗೆ ನಮಗೆ ಕೇಳಿಸಿದ್ದು ಸಣ್ಣ ಪೆಟ್ಟಿಗೆಯ ಸದ್ದು ಮಾತ್ರ. ಡ್ರಮ್ಮು ಶುರುವಾಯಿತು, ಕಹಳೆ ಬಂತು, ಕ್ಲಾರಿನೆಟ್ಟು ನಗುತ್ತಾ ಅದರ ಬೆನ್ನು ಹತ್ತಿತು — ಹೌದು, ನಗುತ್ತಾ. ಅದೆಲ್ಲ ಊರ ಮೇಲೆ ಗುಡುಗುತ್ತಿತ್ತು, ರಾಬಿಯಾ. ಗೌಡರ ಮಗಳು ಬೇಗ ಬಂದಿದ್ದಳು. ಹೆಣವನ್ನು ಚಟ್ಟದ ಮೇಲೆ ಕೂಡ್ರಿಸಿಕೊಂಡು ಭಜನೆಯವರು ಪಂಚಾಯ್ತಿಯ ಮುಂದೆಯೇ ಬರುತ್ತಿದ್ದರು. ಭಜನೆ ನಿಂತಿತು. ಬಾಗಿಲು ಒದ್ದು ತೆರೆದವರು ಗೌಡರ ಮಗ ಶಂಕರಗೌಡರು. ಕಣ್ಣು ಅತ್ತು ಊದಿಕೊಂಡಿದ್ದವು.

"ಯಾವಾಂವಲೇ ಇದನ್ನ ಹಚ್ಚಿದಾಂವ?"

"ದಸ್ತಗೀರ ಹಚ್ಯಾನ್ರಿ. ನಾ ಬ್ಯಾಡ ಅಂದಿದ್ನಿರಿ."

ಸುಳ್ಳು ಹೇಳಿದ್ದಷ್ಟೇ ಅಲ್ಲ — ಅವನು ಹೇಳಿದ 'ಬ್ಯಾಡ' ಎಂಬ ಮಾತನ್ನೂ ಕಸಿದುಕೊಂಡೆ. ಪಂಚಾಯ್ತಿಯಲ್ಲಿ ಕಾರಕೂನನ ಕೆಲಸ ಖಾಲಿಯಿತ್ತು, ಅದು ಶಂಕರಗೌಡರ ಕೈಯಲ್ಲಿತ್ತು. ಅದನ್ನು ನೆಪವಾಗಿ ಬರೆಯುತ್ತಿಲ್ಲ. ಯೋಚಿಸಿ ಹೇಳುವಷ್ಟು ಹೊತ್ತೇ ಇರಲಿಲ್ಲ. ಬಾಯಿ ತೆರೆದರೆ ಅವನ ಹೆಸರು ಬಂತು. ಅಷ್ಟು ಸಲೀಸಾಗಿ ಯಾಕೆ ಬಂತು, ನನ್ನಂಥವನ ಬಾಯಲ್ಲಿ ಅವನಂಥವನ ಹೆಸರು ಯಾಕೆ ಅಷ್ಟು ತಯಾರಾಗಿ ಕೂತಿತ್ತು — ಅದನ್ನು ಕೇಳಿಕೊಳ್ಳುವಾಗಲೆಲ್ಲ ನಾನು ಅರ್ಧಕ್ಕೇ ಎದ್ದುಬಿಡುತ್ತೇನೆ.

ಯಾರೂ ಅವನ ಮೈ ಮುಟ್ಟಲಿಲ್ಲ. "ಇನ್ನ ಈ ಊರಾಗ ನೀ ಊದಬಾರ್ದು" ಎಂದಷ್ಟೇ ಹೇಳಿ ಶಂಕರಗೌಡರು ತಂದೆಯ ಹಿಂದೆ ಹೋದರು. ಅವನು ನನ್ನನ್ನು ನೋಡಿದ. ನಾನು ವೈರು ನೋಡುತ್ತಿದ್ದೆ.

"ಸಿಟ್ಟ ಇಳಿದ ಮ್ಯಾಲೆ ಹೋಗಿ ಖರೆ ಹೇಳ್ತಿ ಹೌದಿಲ್ಲೋ?" ಎಂದು ಕೇಳಿದ.

"ಹೇಳ್ತೇನಿ," ಅಂದೆ.

ಗೌಡರ ಮನೆಯ ದುಃಖದ ದಿವಸಗಳು ಮುಗಿಯಲಿ ಎಂದುಕೊಂಡೆ. ಆಮೇಲೆ ನೇಮಕದ ಕಾಗದ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಮಾತು ಕುಳಗೇರಿ ಕ್ರಾಸ್ ದಾಟಿತ್ತು — ಹೆಣದ ಮುಂದೆ ಮದುವೆ ಬಾಜಾ ಬಾರಿಸಿದವನು ಎಂದು. ಅಂಥವನನ್ನು ಯಾರು ಮದುವೆಗೆ ಕರೆದಾರು? ಬ್ಯಾಂಡ್ ಮಾಸ್ತರನಿಗೆ ಉಳಿದ ಹತ್ತು ಜನರ ಹೊಟ್ಟೆಯ ಚಿಂತೆ. ನಿನ್ನ ಅಪ್ಪನನ್ನು ಬಿಟ್ಟುಬಿಟ್ಟ. ನಿಮ್ಮ ಮನೆ ಇಳಕಲ್ಲಿಗೆ ಹೋಯಿತು, ಅವನು ಕಲ್ಲಿನ ಖಣಿ ಸೇರಿದ. ನಾನು ಕಾರಕೂನನಾದೆ. ಅವನು ಮತ್ತೊಮ್ಮೆ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ — ಇಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ.

ಅದರ ಬದಲು ಅಂಚೆ ಕಾರ್ಡು ಬರೆದೆ. ನೀನೇ ಅವನಿಗೆ ಓದಿ ಹೇಳುತ್ತಿದ್ದ ಆ ಕಾರ್ಡುಗಳು. 'ಈ ಸಲ ಬಂದವುಗಳಲ್ಲಿ ಮೂರು ಕೇಳುವಂಥವು. ಒಂದರಲ್ಲಿ ಡ್ರಮ್ಮು ನಿಮ್ಮ ಓಣಿಯ ಎರಡು ಮಗ್ಗಗಳ ಹಾಗೆ ಬೇರೆ ಬೇರೆ ನಡೆದು ಒಮ್ಮೆಲೇ ಕೂಡುತ್ತದೆ. ಇನ್ನೊಂದರಲ್ಲಿ ಕ್ಲಾರಿನೆಟ್ಟಿನವನು ಮುದುಕ, ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ.' ವರ್ಷಗಟ್ಟಲೆ ಹೀಗೆ. ನಾನು ಪ್ಲೇಯರನ್ನು ಮನೆಗೆ ತಂದುಕೊಂಡು ಒಬ್ಬನೇ ಕೂತು ಕೇಳಿ, ಪ್ಲೇಯರಿಲ್ಲದ ಅವನಿಗೆ ಬರೆಯುತ್ತಿದ್ದೆ. ಕಾರ್ಡಿನ ಅಂಚಿನವರೆಗೂ ಬರೆದು ಜಾಗ ತುಂಬಿಸುತ್ತಿದ್ದೆ. ಆ ಒಂದು ಸಾಲಿಗೆ ಜಾಗ ಉಳಿಯಬಾರದಲ್ಲ.

ಕೊನೆಯ ಸಲ ನಾನು ಬಂದಾಗ ಅವನ ಎದೆ ಕಲ್ಲಿನ ಧೂಳು ತುಂಬಿ ಹೋಗಿತ್ತು. ದವಾಖಾನೆಯವರು ಮಾಡುವಷ್ಟು ಮಾಡಿ ಮನೆಗೆ ಕಳಿಸಿದ್ದರು. ನಾಲ್ಕು ಮಾತಾಡಿದರೆ ಕೆಮ್ಮು. ಕ್ಲಾರಿನೆಟ್ಟನ್ನು ಮಾರಿರಲಿಲ್ಲ, ಊದಲು ಉಸಿರು ಇರಲಿಲ್ಲ. "ಹೊಸಾವು ಏನರ ಬಂದಾವೇನು?" ಎಂದು ಕೇಳಿದ. ನಾನು ಹೇಳತೊಡಗಿದೆ. ಅವನು ಕಣ್ಣು ಮುಚ್ಚಿಕೊಂಡು, ಹೊದಿಕೆಯ ಮೇಲೆ ಬೆರಳು ಆಡಿಸುತ್ತಾ ಕೇಳಿದ. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಇಬ್ಬರೇ ಇದ್ದೆವು.

ಅವನು ಹೋದ ಮೇಲೆ ನಿನ್ನನ್ನು ಕಾಣಲು ಬಂದೆ. ನೀನು ಚಹಾ ಕೊಟ್ಟೆ. "ಕಾಕಾ, ನಿಮ್ಮಂಥಾ ದೋಸ್ತ ಯಾರಿಗಿ ಸಿಗ್ತಾರ್ರಿ," ಅಂದೆ. ಆಮೇಲೆ ತಲೆ ತಗ್ಗಿಸಿ, "ಅಪ್ಪಾ ಅವತ್ತ ಆ ಹುಚ್ಚಾಟ ಮಾಡದಿದ್ರ ನಾವು ಇಲ್ಲಿಗಿ ಬರ್ತಿರಲಿಲ್ಲ, ಅಂವಾ ಖಣಿಗಿ ಹೋಗ್ತಿರಲಿಲ್ಲ. ಅಮ್ಮಾ ಸಾಯೂತನಕಾ ಅದನ್ನ ಅಂತಿದ್ಲು. ಅಂವಾ ಒಮ್ಮೆರ ಇಲ್ಲ ಅನ್ನಲಿಲ್ಲ ನೋಡ್ರಿ," ಅಂದೆ.

ನಿಮಗೂ ಹೇಳಿರಲಿಲ್ಲ ಅವನು. ನಿನ್ನ ತಾಯಿಗೂ. ನಾನು ಚಹಾ ಕುಡಿದು ಮುಗಿಸಿದೆ, ರಾಬಿಯಾ. ಬಟ್ಟಲು ಕೆಳಗಿಟ್ಟು, "ಹೋಗ್ಲಿ ಬಿಡವಾ," ಎಂದು ಅವನನ್ನು ಕ್ಷಮಿಸಿದವನ ಹಾಗೆ ಮಾತಾಡಿದೆ. ಪಂಚಾಯ್ತಿಯ ಬಾಗಿಲಲ್ಲಿ ಆಡಿದ್ದು ಗಾಬರಿಯ ಮಾತು ಎಂದಾದರೂ ಅಂದುಕೊಳ್ಳಬಹುದೇನೋ. ಇದನ್ನು ಏನೆಂದು ಕರೆಯಲಿ?

ನಿನ್ನೆ ಶಂಕರಗೌಡರ ಮನೆಗೆ ಹೋಗಿದ್ದೆ. ಈಗ ಅವರೂ ಮುದುಕರಾಗಿದ್ದಾರೆ, ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಿಂತೇ ಹೇಳಿದೆ — ನಿಮ್ಮ ತಂದೆಯವರ ಹೆಣ ಹೋಗುವಾಗ ರೆಕಾರ್ಡು ಹಚ್ಚಿದವನು ನಾನು, ದಸ್ತಗೀರನಲ್ಲ ಎಂದು. ಅವರು ಅಡಕತ್ತರಿ ಕೆಳಗಿಟ್ಟರು. ಬೈಯಲಿ ಎಂದು ಕಾದೆ.

"ಯಾವ ದಸ್ತಗೀರಪಾ?" ಅಂದರು.

ನೆನಪು ಮಾಡಿಕೊಡಲು ನೋಡಿದೆ. ಬಾದಾಮಿ ಬ್ಯಾಂಡಿನವನು, ಎತ್ತರದವನು, ಊದುವಾಗ ಎಡಗಣ್ಣು ಮುಚ್ಚುತ್ತಿದ್ದವನು. ಅವರಿಗೆ ರೆಕಾರ್ಡಿನ ನೆನಪೂ ಸರಿಯಾಗಿ ಇರಲಿಲ್ಲ. "ಇರಬೇಕು ಬಿಡು. ಅವತ್ತ ನನಗ ತಲಿನ ಸರಿ ಇರಲಿಲ್ಲ," ಎಂದು ಅಡಿಕೆ ಚೀಲ ಮುಂದೆ ಚಾಚಿದರು.

ನಾನು ತೆಗೆದುಕೊಳ್ಳದೆ ಹೊರಟುಬಂದೆ. ಇನ್ನು ಹೇಳಬೇಕಾದವಳು ನೀನೊಬ್ಬಳೇ. ನಾಳೆ ಬೆಳಗಿನ ಬಸ್ಸಿಗೆ ಇಳಕಲ್ಲಿಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಒಳಗೆ ಕರೆಯಬೇಡ. ನೀನು ಓದಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ.