ದೊಡ್ಡವ್ವನ ಚೀಲದೊಳಗಿನ ಉತಾರ

ಕಳೆದ ಬೇಸಿಗೆ ರಜೆಯಲ್ಲಿ ಮೈಸೂರು ನೋಡಿಕೊಂಡು ಊರಿಗೆ ಮರಳುವಾಗ ನಡೆದದ್ದು. ಬೆಂಗಳೂರಿನಿಂದ ಬೆಳಗಾವಿಗೆ ನನಗೂ ದೊಡ್ಡವ್ವನಿಗೂ ವಿಮಾನದ ಟಿಕೆಟ್ ತೆಗೆದವನು ನಾನೇ. ಮರುದಿನ ಬೆಳಿಗ್ಗೆ ಹುಕ್ಕೇರಿಯಲ್ಲಿ ಅವಳ ಬಸುರಿ ಮಗಳಿಗೆ ಕುಬಸ. ತಾಯಿ ಇಲ್ಲದೆ ಆಗುವ ಶಾಸ್ತ್ರವಲ್ಲ ಅದು.

"ಟಿಕೆಟ್‌ನಲ್ಲಿ ಶಾಂತವ್ವ, ಆಧಾರ್‌ನಲ್ಲಿ ಬಾಳವ್ವ. ಇವರನ್ನ ಬಿಡೋಕಾಗಲ್ಲ ಸರ್," ಎಂದಳು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ.

ನಮ್ಮಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ನಾನು ಶಾಂತವ್ವ ಎಂಬ ಹೆಸರನ್ನಷ್ಟೇ ಕೇಳಿ ಬೆಳೆದವನು. ಬಾಳವ್ವ ಅವಳ ತವರಿನ ಹೆಸರೆಂದು ಗೊತ್ತಿಲ್ಲದೆ ನಾನು ಆಧಾರನ್ನು ತಿರುತಿರುಗಿಸಿ ನೋಡಿದೆ.

ದೊಡ್ಡವ್ವನ ದನಿ ಮಾತ್ರ ಅಲುಗಲಿಲ್ಲ. "ಬಾಳವ್ವನೂ ನಾನ ರೀ, ಶಾಂತವ್ವನೂ ನಾನ," ಎನ್ನುತ್ತ ಚೀಲದಿಂದ ಹೊಲದ ಉತಾರ, ಅಂದರೆ ಪಹಣಿ, ತೆಗೆದು ಬಿಡಿಸಿಟ್ಟಳು. ಸರ್ಕಾರದ ಆ ಕಾಗದದಲ್ಲಿ ಮಾಲೀಕರ ಹೆಸರು 'ಬಾಳವ್ವ ಉರ್ಫ್ ಶಾಂತವ್ವ' ಎಂದಿತ್ತು.

ಹುಡುಗಿ ಓದಿ ನಕ್ಕಳು. ಮೇಲಧಿಕಾರಿಗೆ ತೋರಿಸಿ ಟಿಕೆಟ್‌ನಲ್ಲಿ ಹೆಸರು ತಿದ್ದಿಸಿಕೊಟ್ಟಳು.

"ಮೈಸೂರಿಗೆ ಉತಾರ ಯಾಕ ತಂದಿ, ದೊಡ್ಡವ್ವಾ?"

"ಹೊಲಾ ಅಂತೂ ತರಾಕ ಬರಂಗಿಲ್ಲ. ನೀ ಬಿಎಸ್ಸಿ ಕಲ್ತಾಂವ, ಟಿಕೀಟ್ ತಗಿಯೂಮುಂದ ನನ್ನ ಒಂದ್ ಮಾತ್ ಕೇಳಬಾರದೇನೋ?"

ಟಿಕೆಟ್ ತೆಗೆಯುವಾಗ ನಾನು ತಾರೀಖನ್ನು ನಾಲ್ಕು ಸಲ ಪರೀಕ್ಷಿಸಿದ್ದೆ, ಸಮಯವನ್ನು ಮೂರು ಸಲ. ಅವಳ ಹೆಸರು ಕೇಳಿದ್ದು ಸೊನ್ನೆ ಸಲ.