ಭಾಮಾಳ ಹಂಗಾಮು

ನಮ್ಮ ಶಹಾಬಾದಿನ ಗಂಡಸರಿಗೆ ಒಂದು ವರ ಇದೆ. ನೋಡದ ಆಟದ ಬಗ್ಗೆ ನೋಡಿದವರಿಗಿಂತ ಚೆನ್ನಾಗಿ ಮಾತಾಡುತ್ತಾರೆ. ಸುಳ್ಳು ಅನ್ನುವವರು ಸಂಜೆ ಕಾಗಿಣಾ ಕ್ಲಬ್ಬಿನ ಕಟ್ಟೆಗೆ ಬರಲಿ. ಉಂಡೇ ಬರಲಿ, ಬೇಗ ಮುಗಿಯುವುದಿಲ್ಲ.

ಕಾರ್ಖಾನೆ ಮುಚ್ಚಿ ಸಾಹೇಬರು ಹೋದರು, ಕ್ಲಬ್ಬು ಉಳಿಯಿತು. ಅದರ ಹಿಂದೆ ಮಣ್ಣಿನ ಟೆನಿಸ್ ಅಂಕಣವಿದೆ. ನಮ್ಮದು ಎರೆಭೂಮಿ, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಅದಕ್ಕೇ ಚಿಂಚೋಳಿ ಗುಡ್ಡದಿಂದ ಲಾರಿಗಟ್ಟಲೆ ಕೆಂಪು ಮಣ್ಣು ತರಿಸಿ ಹಾಸಿದ್ದರು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯವರೆಲ್ಲ ಬಂದು ಅದರ ಮೇಲೆ 'ಐದೂರ ಕಪ್' ಆಡುತ್ತಿದ್ದರು. ಹೆಂಗಸರ ಕಪ್ಪನ್ನು ವರ್ಷಾವರ್ಷ ಮನೆಗೆ ತಂದವಳು ನನ್ನ ನೆರೆಮನೆಯ ಭಾಮಾ, ಕನ್ಯಾಶಾಲೆಯ ಗಣಿತದ ಟೀಚರು. ಜೋಡಿ ಆಟದಲ್ಲಿ ಅವಳ ಪಕ್ಕ ನಿಂತವಳು ನಾನು, ಶಿವಗಂಗಾ. ಜೋಡಿ ಆಡಿದವರನ್ನು ಯಾರೂ ನೆನೆಯುವುದಿಲ್ಲ, ಇರಲಿ ಬಿಡಿ.

ಭಾಮಾ ಆಚಾರವಂತರ ಮನೆಯ ಸೊಸೆ. ಮಡಿಯಲ್ಲಿ ಅಡುಗೆ ಮುಗಿಸಿ, ಚೂಡಿದಾರ ಹಾಕಿಕೊಂಡು ಅಂಕಣಕ್ಕೆ ಬರುತ್ತಿದ್ದಳು. ಗೆದ್ದರೆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಸೋತರೆ ಮಾತ್ರ ಆ ವಾರ ಶಾಲೆಯ ಹುಡುಗಿಯರಿಗೆ ಕಷ್ಟದ ಲೆಕ್ಕಗಳು ಬೀಳುತ್ತಿದ್ದವು.

ಈ ವರ್ಷ ಅವಳು ನಿವೃತ್ತಳಾದಳು. ಕ್ಲಬ್ಬಿನವರು ಸತ್ಕಾರ ಮಾಡುತ್ತೇವೆಂದರು. ಅವಳ ಆಟ ಅತ್ಯಂತ ಎತ್ತರಕ್ಕೇರಿದ ವರ್ಷವನ್ನು ಒಂದು ಕಲ್ಲಿನಲ್ಲಿ ಕೆತ್ತಿಸುವುದೆಂದೂ ಠರಾವಾಯಿತು. ಯಾವ ವರ್ಷ? ಹತ್ತಿತು ನೋಡಿ ಜಗಳ.

"ತೊಂಬತ್ತೊಂಬತ್ತು!" ಎಂದ ನಿವೃತ್ತ ಹೆಡ್‌ಮಾಸ್ತರ ಧೀರೇಂದ್ರ. "ಆ ಹಂಗಾಮಿನ್ಯಾಗ ಒಂದು ಸೆಟ್ಟೂ ಬಿಟ್ಟುಕೊಟ್ಟಿಲ್ಲ ಆಕಿ."

"ಬಿಟ್ಟುಕೊಡಲಿಕ್ಕ ಎದುರಿಗಿ ಯಾರಿದ್ರು?" ಎಂದ ಕಲ್ಲು ಪಾಲಿಶ್ ಮಾಡಿಸಿ ಮಾರುವ ಗುರುಲಿಂಗಯ್ಯ. "ಆ ವರ್ಷ ವಾಡಿ ಅಸ್ಫಿಯಾ ಬಾಣಂತಿ ಇದ್ಲು. ಎರಡು ಸಾವಿರದ ಮೂರು ತಗೋರಿ ಮಾಸ್ತರ. ಫೈನಲ್ ದಿನ ಏಕಾದಶಿ. ಬಾಯಾಗ ಹನಿ ನೀರಿಲ್ಲ, ಅಸ್ಫಿಯಾನ ಮ್ಯಾಲ ಗೆದ್ದಾಳ!"

"ಏಕಾದಶಿ ದಿನ ಮೈ ಹಗುರ ಇರ್ತದರೀ. ಅದು ಲಾಭ ಆಯ್ತು, ಸಾಧನಿ ಹ್ಯಾಂಗಾಯ್ತು?"

ತೊಂಬತ್ತೊಂಬತ್ತರಲ್ಲಿ ಮಾಸ್ತರ ಕುರಕುಂಟಾ ಶಾಲೆಯಲ್ಲಿದ್ದ, ಇತ್ತ ತಲೆಯೂ ಹಾಕಿರಲಿಲ್ಲ. ಎರಡು ಸಾವಿರದ ಮೂರರಲ್ಲಿ ಗುರುಲಿಂಗಯ್ಯ ಬಂದಿದ್ದ, ನಿಜ. ಶಾಮಿಯಾನದ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆದರೂ ಊರು ಎರಡಾಯಿತು. ಚಹಾದ ಅಂಗಡಿಯಲ್ಲಿ ಬೆಂಚು ಬೇರೆಯಾದವು. ಮಾಸ್ತರನ ಮನೆಗೆ ಟ್ಯೂಷನ್ನಿಗೆ ಬರುತ್ತಿದ್ದ ಗುರುಲಿಂಗಯ್ಯನ ಮೊಮ್ಮಗಳನ್ನು ನಡುವರ್ಷದಲ್ಲಿ ಬಿಡಿಸಿದರು.

ಭಾಮಾಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವಳಿಗೆ ಬೇಕಾದದ್ದೇ ಬೇರೆ. ವಾಡಿಯ ಅಸ್ಫಿಯಾಳ ಮೊಣಕಾಲು ಸವೆದುಹೋಗಿದೆ, ಮಳೆಗಾಲದಲ್ಲಿ ಹೈದರಾಬಾದಿನಲ್ಲಿ ಆಪರೇಷನ್ನು. ಆಮೇಲೆ ಓಡುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅವಳು ಫೋನು ಮಾಡಿ, "ಭಾಮಾಬಾಯಿ, ಮಿರಗದ ಮಳಿಗಿಂತ ಮೊದಲ ಒಂದೇ ಒಂದು ಆಟ. ಅದೇ ಮಣ್ಣಿನ ಮ್ಯಾಲ. ಆ ಮಣ್ಣು ನನ್ನ ಮೊಣಕಾಲಿಗಿ ಮಾಫ್ ಮಾಡ್ತದ," ಅಂದಿದ್ದಳು. ಮಿರಗ ಎಂದರೆ ಮೃಗಶಿರಾ, ಮಳೆಗಾಲದ ಮೊದಲ ಮಳೆ.

ಅಂದಿನಿಂದ ದಿನಾ ಬೆಳಿಗ್ಗೆ ಭಾಮಾ ನೀರು ಚಿಮುಕಿಸುವುದು, ನಾವಿಬ್ಬರೂ ಸೇರಿ ರೋಲರು ಎಳೆಯುವುದು. ನನ್ನ ಸೊಂಟ ಬಿದ್ದುಹೋಯಿತು. ಕಟ್ಟೆಯ ಮೇಲಿನ ಪಂಡಿತರು ಮಣ್ಣಿನ ಗುಣದ ಬಗ್ಗೆ ಮಾತಾಡಿದರೇ ಹೊರತು ಒಬ್ಬನೂ ಕೈ ಹಚ್ಚಲಿಲ್ಲ.

"ಸತ್ಕಾರ ಬ್ಯಾಡ್ರಿ," ಎಂದು ಭಾಮಾ ಅವರಿಗೆ ಹೇಳಿ ನೋಡಿದಳು. "ಎರಡು ಟ್ಯಾಂಕರ್ ನೀರು ಹೊಡಸ್ರಿ, ಸಾಕು."

"ಭಾಳ ಸಾದಾ ಹೆಣ್ಮಗಳು," ಎಂದು ಮಾಸ್ತರ, ಗುರುಲಿಂಗಯ್ಯ ಇಬ್ಬರೂ ಮೆಚ್ಚಿಕೊಂಡರು. ನೀರು ಬರಲಿಲ್ಲ.

ಸತ್ಕಾರದ ವಾರ ನಾವಿಬ್ಬರೂ ಮಳಖೇಡಕ್ಕೆ ಹೋದೆವು, ಅವಳ ತಮ್ಮನ ಮಗನ ಮುಂಜಿಗೆ. ಅಷ್ಟರಲ್ಲಿ ಇಲ್ಲಿ ಎರಡು ಪಕ್ಷಗಳಿಗೂ ರಾಜಿಯಾಯಿತು. ಎರಡೂ ವರ್ಷ ಕೆತ್ತಿಸುವುದು, ಮತ್ತೆ ಇನ್ನೊಂದು ಕೆಲಸ. ನಮ್ಮ ಕಡೆ ಯಾವುದರ ಮೇಲೆ ಪ್ರೀತಿ ಉಕ್ಕಿದರೂ ಅದಕ್ಕೆ ಪರಸಿ ಕಲ್ಲು ಹಾಸುತ್ತೇವೆ. ಗುಡಿಗೆ ಹಾಸುತ್ತೇವೆ, ದರ್ಗಾಕ್ಕೆ ಹಾಸುತ್ತೇವೆ, ಎಮ್ಮೆಯ ಕೊಟ್ಟಿಗೆಗೂ ಹಾಸುತ್ತೇವೆ. "ಸತ್ಕಾರಕ್ಕ ಬಂದ ಮಂದಿ ಮಣ್ಣಾಗ ಕುಂದ್ರಬೇಕೇನು?" ಎಂದು ಗುರುಲಿಂಗಯ್ಯ ಕಲ್ಲು ಪುಕ್ಕಟೆ ಕೊಟ್ಟ.

ಸತ್ಕಾರದ ದಿನವೇ ಬಸ್ಸಿಳಿದು ನೇರ ಅಂಕಣಕ್ಕೆ ಹೋದೆವು. ಅಸ್ಫಿಯಾಳೊಂದಿಗಿನ ಆಟವೂ ಅಂದೇ ಎಂದು ಗೊತ್ತಾಗಿತ್ತು. ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು, ರ್‍ಯಾಕೆಟ್ ಹಿಡಿದು ಅಸ್ಫಿಯಾ ಗೇಟಿನಲ್ಲೇ ನಿಂತಿದ್ದಳು. ಒಳಗೆ ಈ ತುದಿಯಿಂದ ಆ ತುದಿಯವರೆಗೆ ಪಾಲಿಶ್ ಪರಸಿ ಮಿರಮಿರ ಹೊಳೆಯುತ್ತಿತ್ತು. ನಡುವೆ ಎರಡು ವರ್ಷ ಕೆತ್ತಿದ ಕಲ್ಲು, ಅದರ ಸುತ್ತ ಕುರ್ಚಿಗಳು.

ಭಾಮಾ ಚೀಲದಿಂದ ಚೆಂಡು ತೆಗೆದು ಕೆಳಗೆ ಬಿಟ್ಟಳು. ಅದು ಟಣ್ಣನೆ ಜಿಗಿದು, ಜಾರಿ, ಕುರ್ಚಿಗಳ ಕೆಳಗೆ ಹೋಯಿತು. ಅಸ್ಫಿಯಾ ಬಗ್ಗಿ ಮೊಣಕಾಲಿನ ಪಟ್ಟಿ ಬಿಚ್ಚತೊಡಗಿದಳು. "ನಸೀಬ್ ಬಿಡ್ರಿ, ಬಾಯಿ," ಎಂದಳು. ನನಗೆ ಅಳುವೂ ಬಂತು, ಯಾರನ್ನಾದರೂ ಒದೆಯಬೇಕೆಂದೂ ಅನಿಸಿತು.

ಶಾಲು ಹೊದಿಸಿದರು. ಮಾಸ್ತರ ಮೈಕು ಹಿಡಿದು, "ಈಗ ಅವರ ಬಾಯಿಂದನ ಕೇಳೂಣು. ನಿಮ್ಮ ಶ್ರೇಷ್ಠ ಹಂಗಾಮು ಯಾವುದ್ರಿ?" ಎಂದು ಕೇಳಿದ.

"ಈ ವರ್ಷದ್ದು ಆಗೋದಿತ್ರಿ," ಎಂದಳು ಭಾಮಾ. "ನೀವು ಕಲ್ಲು ಹಾಸೋ ತನಕ."

ಹಿಂದೆ ಕುಳಿತವರು ಚಪ್ಪಾಳೆ ತಟ್ಟಿದರು. ಗುರುಲಿಂಗಯ್ಯ ಕೆತ್ತುವವನ ಕಡೆ ತಿರುಗಿ, "ಮೂರನೇ ವರ್ಷ ಕೆತ್ತಲಿಕ್ಕ ಜಾಗ ಅದ ಏನು?" ಎಂದ.

"ಆಡಲಾರದ ಹಂಗಾಮು ಲೆಕ್ಕಕ್ಕ ಬರಂಗಿಲ್ರಿ!" ಎಂದು ಮಾಸ್ತರ ಮೈಕಿನಲ್ಲೇ ಕೂಗಿದ. ಶುರುವಾಯಿತು ಮತ್ತೆ.

ನಾನು ಮನೆಗೆ ಹೋಗಿ ಹಾರೆ ತಂದೆ. ಹೇಳಿಕೇಳಿ ಸಿಮೆಂಟಿನ ಸೀಮೆ ನಮ್ಮದು, ಆದರೆ ಅವಸರದ ಕೆಲಸ. ಸಂದಿಯ ಸಿಮೆಂಟು ಇನ್ನೂ ಹಸಿಯಾಗಿತ್ತು. ಭಾಮಾ ಶಾಲು ಮಡಚಿ ಕುರ್ಚಿಯ ಮೇಲಿಟ್ಟು ನನ್ನ ಕೈಯಿಂದ ಹಾರೆ ತೆಗೆದುಕೊಂಡಳು. ಮೊದಲು ಎದ್ದದ್ದು ಕೆತ್ತಿದ ಕಲ್ಲು. ಅದರ ಅಡಿಯಲ್ಲಿ ನಾವು ರೋಲರು ಎಳೆದ ಕೆಂಪು ಮಣ್ಣು ಹಾಗೇ ಇತ್ತು. ಅಸ್ಫಿಯಾ ಮತ್ತೆ ಪಟ್ಟಿ ಕಟ್ಟಿಕೊಳ್ಳತೊಡಗಿದಳು.

"ಏ ಏ, ಏನ್ ಮಾಡಾಕತ್ತೀರಿ?" ಎಂದು ಗುರುಲಿಂಗಯ್ಯ ಓಡಿ ಬಂದ.

"ಮಿರಗಕ್ಕ ಇನ್ನಾ ಟೈಮ್ ಅದ," ಎಂದಳು ಭಾಮಾ. "ಆ ತುದಿ ಹಿಡೀರಿ."

ಗಣಿತದ ಟೀಚರ ದನಿ ಅದು. ಗುರುಲಿಂಗಯ್ಯ ಹಿಡಿದ.